ಶಾಲಾಖ್ ಎಂಬ ಹಕ್ಕಿ

ಮರಿಬಸಪ್ಪ ಮೇಷ್ಟ್ರಿಗೆ ಎದುರಾಡುವವರು ಬಳ್ಳಾರಿಯಲ್ಲಿ ಕಡಿಮೆ. ಮೂವತ್ತು ವರ್ಷ ಹೀಬ್ರೂ ಓದಿದವರು. ಆ ಭಾಷೆಯ ಧರ್ಮಗ್ರಂಥದಲ್ಲಿ ಬರುವ ಪ್ರಾಣಿ, ಪಕ್ಷಿಗಳಿಗೆಲ್ಲ ಕನ್ನಡ ಹೆಸರು ಹುಡುಕಿ ನಿಘಂಟು ಮಾಡುತ್ತಿದ್ದರು. ಹಕ್ಕಿಗಳ ಭಾಗ ತಿದ್ದಿ, ಅವುಗಳ ಚಿತ್ರಗಳನ್ನೂ ತೆಗೆದುಕೊಡಲಿ ಎಂದು ಪ್ರಕಾಶಕರು ಸಿರುಗುಪ್ಪದಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಹೇಮಾಳನ್ನು ಕರೆಸಿದ್ದು ಅವರಿಗೆ ಮೊದಲ ದಿನದಿಂದಲೇ ಹಿಡಿಸಿರಲಿಲ್ಲ.

ಜಗಳ ಹತ್ತಿದ್ದು ‘ಶಾಲಾಖ್’ ಎಂಬ ಕಡಲಹಕ್ಕಿಯ ಮೇಲೆ. ತಿನ್ನಬಾರದ ಹಕ್ಕಿಗಳ ಪಟ್ಟಿಯಲ್ಲಿ ಅದೂ ಒಂದು. ಮೇಷ್ಟ್ರು ಅದಕ್ಕೆ ನೀರುಕಾಗೆ ಎಂದು ಬರೆದಿದ್ದರು.

“ಆ ಹೆಸರಿನ ಅರ್ಥ ಏನು ಸರ್?” ಎಂದು ಹೇಮಾ ಕೇಳಿದಳು.

“ಎಸೆಯೋದು. ಮ್ಯಾಲಿಂದ ತನ್ನನ್ನ ತಾನ ನೀರಿಗೆ ಎಸಕೊಳ್ಳೋ ಹಕ್ಕಿ.”

“ಹಂಗಾದ್ರ ನೀರುಕಾಗಿ ಅಲ್ಲ. ಅದು ಈಜ್ತಾ ಈಜ್ತಾ ಮುಳುಗ್ತೈತಿ. ಮ್ಯಾಲಿಂದ ಬೀಳೋದು ರೀವ ಅನ್ನೋ ಹಕ್ಕಿ. ನಮ್ಮ ಹೊಳ್ಯಾಗ ಇರೋದರ ಬಳಗ ಕಡಲಾಗೂ ಐತಿ.”

ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನಿಮಗ ಹೀಬ್ರೂ ಒಂದಕ್ಷರ ಬರಂಗಿಲ್ಲ.”

“ನೀವು ಹೊಳಿ ದಂಡಿಗೆ ಬರ್ರಿ. ಅಲ್ಲಿ ಹೀಬ್ರೂ ಬೇಕಾಗಂಗಿಲ್ಲ.”

ಪ್ರಕಾಶಕರ ಒತ್ತಾಯಕ್ಕೆ ಮೇಷ್ಟ್ರು ಬಂದರು. ಕೆಂಚನಗುಡ್ಡದ ಬಂಡೆಗಳ ನಡುವೆ ತುಂಗಭದ್ರೆ ಸಣ್ಣಗೆ ಹರಿಯುತ್ತಿತ್ತು. ಬೆಳಗಿನ ಬಿಸಿಲು ಏರುವ ಮೊದಲೇ ಕಪ್ಪು ನೀರುಕಾಗೆಗಳು ಮಡುವಿನಲ್ಲಿ ಈಜುತ್ತ ಮುಳುಗಿ ಏಳುತ್ತಿದ್ದವು. ಮೇಷ್ಟ್ರು ಅವುಗಳನ್ನು ನೋಡಲಿಲ್ಲ, ಹೇಮಾಳನ್ನು ನೋಡಿದರು.

“ನಿಮ್ಮ ಊರು ರಾರಾವಿ ಅಲ್ಲೇನು? ನಿಮ್ಮ ಮಂದಿ ನೀರುಕಾಗಿ ತಿಂತಾರಂತ. ಅದಕ್ಕ ಇದನ್ನ ತಿನ್ನಬಾರದ್ದರ ಪಟ್ಟಿಯಿಂದ ಬಿಡಿಸಾಕ ಹೊಂಟೀರಿ.”

ಹೇಮಾಳ ಕಿವಿ ಬಿಸಿಯಾಯಿತು. ಆದರೂ ದನಿ ಏರಿಸಲಿಲ್ಲ.

“ತಿಂದೀವಿ ಸರ್. ಬ್ಯಾಸಿಗ್ಯಾಗ ಕೂಲಿ ಇಲ್ದಾಗ ನಮ್ಮಪ್ಪ ಹೊಳ್ಯಾಗ ಮೀನಿನ ಬಲಿ ಹಾಕ್ತಿದ್ದ. ಮೀನದ ಬೆನ್ನ ಹತ್ತಿ ನೀರೊಳಗ ಹೋದ ನೀರುಕಾಗಿನೂ ಬಲ್ಯಾಗ ಸಿಕ್ತಿತ್ತು. ನನಗ ಗೊತ್ತಿರೋದು ಹಂಗ.”

ಅಷ್ಟರಲ್ಲಿ ಬಿಳಿಯ ರೀವವೊಂದು ಮಡುವಿನ ಮೇಲೆ ತುಸು ಹೊತ್ತು ರೆಕ್ಕೆ ಬಡಿಯುತ್ತ ನಿಂತು, ಕಲ್ಲು ಬಿದ್ದಂತೆ ಬಿದ್ದು, ಮೀನು ಕಚ್ಚಿಕೊಂಡು ಮೇಲೆದ್ದಿತು. ಮೇಷ್ಟ್ರು ಕಂಡರು. ಅವರ ತುಟಿ ‘ಶಾಲಾಖ್’ ಎಂದು ಅಲುಗಿದ್ದನ್ನು ಹೇಮಾ ಕಂಡಳು. ಮೇಷ್ಟ್ರು ಹೋಗಿ ಕಾರಿನಲ್ಲಿ ಕೂತರು. ಒಪ್ಪಿಕೊಂಡರು ಎಂದೇ ಅವಳು ತಿಳಿದಳು.

ತಿಂಗಳ ಮೇಲೆ ನಿಘಂಟಿನ ಕರಡು ಅಂಚೆಯಲ್ಲಿ ಬಂತು. ‘ಶಾಲಾಖ್: ನೀರುಕಾಗೆ. ಪ್ರಾಣಿಶಾಸ್ತ್ರಜ್ಞೆ ಹೇಮಾ ಅವರಿಂದ ಖಚಿತ.’ ಹೇಮಾ ಎರಡು ಸಲ ಓದಿದಳು. ಮುಂದಿನ ಬಸ್ಸಿಗೇ ಕುರುಗೋಡಿಗೆ ಹೋಗಿ ಮೇಷ್ಟ್ರ ಮನೆಯ ಬಾಗಿಲು ಬಡಿದಳು. ಅವರ ಹೆಂಡತಿ ಕೊಟ್ರಮ್ಮ ಒಳಗೆ ಬಾ ಎಂದರೂ ಹೊಸ್ತಿಲು ದಾಟಲಿಲ್ಲ.

“ನೀವು ನೋಡೀರಿ ಸರ್. ನೋಡಿನೂ ಹಿಂಗ ಬರದೀರಿ.”

“ನನ್ನ ಪ್ರಬಂಧದಾಗ ನೀರುಕಾಗಿ ಅಂತನ ಐತಿ. ಅದಕ್ಕ ಡಾಕ್ಟರೇಟ್ ಕೊಟ್ಟಾರ. ನಿನ್ನ ಹೊಳಿ ಹಕ್ಕಿ ಸಲುವಾಗಿ ಅದನ್ನ ಸುಡಬೇಕೇನು?”

“ಸುಡಬ್ಯಾಡ್ರಿ. ನನ್ನ ಹೆಸರು ತಗೀರಿ. ನಾನು ತೆಗೆದ ಚಿತ್ರಗಳನ್ನೂ ವಾಪಸ್ ಕೊಡ್ರಿ.”

ಮೇಷ್ಟ್ರು ಅಲುಗಲಿಲ್ಲ. ಒಳಗಿನಿಂದ ಚಿತ್ರಗಳ ಲಕೋಟೆ ತಂದುಕೊಟ್ಟವರು ಕೊಟ್ರಮ್ಮ. “ಇವರು ‘ನಂದು ತಪ್ಪು’ ಅಂದಿದ್ದನ್ನ ನಾನು ಇವತ್ತಿಗೂ ಕೇಳಿಲ್ಲವ್ವ,” ಎಂದು ಗಂಡನಿಗೆ ಕೇಳುವಂತೆಯೇ ಹೇಳಿದರು. ಮೇಷ್ಟ್ರು ಬಾಗಿಲು ಹಾಕಿಕೊಂಡರು.

ನಿಘಂಟು ಚಿತ್ರಗಳಿಲ್ಲದೆ ಹೊರಬಂತು. ಬಳ್ಳಾರಿಯ ಪುಸ್ತಕದಂಗಡಿಯಲ್ಲಿ ಹೇಮಾ ನಿಂತಲ್ಲೇ ಆ ಪುಟ ತೆರೆದಳು. ‘ನೀರುಕಾಗೆ. ರೀವ ಎಂದು ಕೆಲವರ ಮತ.’

ಮೂವತ್ತು ವರ್ಷದ ಪಟ್ಟಿನಿಂದ ಆ ಮನುಷ್ಯ ಬಿಟ್ಟುಕೊಟ್ಟದ್ದು ನಾಲ್ಕು ಪದ. ಅದರಲ್ಲೂ ಅವಳ ಹೆಸರಿರಲಿಲ್ಲ. ಪುಸ್ತಕವನ್ನು ಕಪಾಟಿಗೆ ಸೇರಿಸಿ, ಸಿರುಗುಪ್ಪದ ಬಸ್ಸು ಹಿಡಿಯಲು ಹೊರಟಳು. ಆಮೇಲೆ ಅವಳೂ ಮೇಷ್ಟ್ರೂ ಎಂದೂ ಮಾತಾಡಲಿಲ್ಲ.