ಎರಡನೇ ಚೌಕದ ಮುದ್ರೆ

ಅರವತ್ತೊಂದನೆಯ ಮತಪತ್ರ ಬಿಡಿಸಿದ ಪೈ-ಯಿಂಗ್ ಅದನ್ನು ಮತ್ತೊಮ್ಮೆ ನೋಡಿದಳು.

ಅಲ್ಲಿಯವರೆಗೆ ಅರವತ್ತು ಚೀಟಿಗಳನ್ನು ಒಂದೊಂದಾಗಿ ತಲೆಯ ಮೇಲೆತ್ತಿ, ಕಡಲಮ್ಮನ ಗುಡಿಯ ಪಡಸಾಲೆಯಲ್ಲಿ ಕಿಕ್ಕಿರಿದ ಊರಿಗೆಲ್ಲ ತೋರಿಸಿ, "ಒಂದನೇ ನಂಬರ್, ಒಂದು ಓಟು!" ಎಂದು ಕೂಗಿದ್ದಳು. ಪ್ರತಿ ಕೂಗಿಗೂ ಗೋಡೆಯ ಹಾಳೆಯ ಮೇಲೆ ಒಂದು ಗೀಟು ಬೀಳುತ್ತಿತ್ತು. ಒಂದನೇ ನಂಬರ್ ಎಂದರೆ ದ್ವೀಪದ ಅಧ್ಯಕ್ಷ ತ್ಸಾಯ್, ಇದೇ ಊರಿನವನು. ಸಿಂಪಿ ಬೆಳೆಯುವ ಕೊಲ್ಲಿಗೆ ಮಣ್ಣು ಸುರಿದು ಹಡಗುಕಟ್ಟೆ ಮಾಡಿಸುತ್ತೇನೆ ಎಂದು ಹೊರಟಿದ್ದ. ಬೇಡ ಎಂದು ಎದುರು ನಿಂತವನು ದ್ವೀಪದ ತೆಂಕಣ ದಡದ ಹೊಂಗ್, ಎರಡನೇ ನಂಬರು.

ಈ ಚೀಟಿಯ ಕೆಂಪು ಮುದ್ರೆ ಎರಡನೇ ಚೌಕದಲ್ಲಿತ್ತು.

ಎಲ್ಲರ ಕಣ್ಣೆದುರು ತೋರಿಸಿ, ಕೂಗಿ ಎಣಿಸಬೇಕು. ಕಳ್ಳ ಲೆಕ್ಕ ನಡೆಯಬಾರದೆಂದು ತೈವಾನಿನ ಹಿರಿಯರು ಹೋರಾಡಿ ಉಳಿಸಿಕೊಂಡ ಪದ್ಧತಿ ಇದು ಎಂದು ಶಾಲೆಯಲ್ಲಿ ಮಕ್ಕಳಿಗೆ ಎದೆಯುಬ್ಬಿಸಿ ಪಾಠ ಮಾಡಿದವಳು ಅವಳೇ. ಕೈ ಮೇಲೆತ್ತಿದಳು.

"ಎರಡನೇ ನಂಬರ್... ಒಂದು ಓಟು."

ಪಡಸಾಲೆಯಲ್ಲಿ ಒಂದೊಂದೇ ತಲೆ ತಿರುಗತೊಡಗಿತು. ಯಾವ ತಲೆಯೂ ಹುಡುಕಾಡಲಿಲ್ಲ. ಎಲ್ಲವೂ ನೆಟ್ಟಗೆ ಊದುಬತ್ತಿಯ ಕೊಪ್ಪರಿಗೆಯ ಪಕ್ಕ ನಿಂತಿದ್ದ ಅವಳ ಅಮ್ಮ ಬೀ-ಲಿಯಾನ್‌ಳ ಕಡೆಗೇ ತಿರುಗಿದವು.

"ಬಂದ್ಲಪ್ಪಾ ನಮ್ಮ ಎರಡನೇ ನಂಬರಮ್ಮ!" ಬೆಂಚಿನ ಮೇಲಿಂದ ಯಾರೋ ನಕ್ಕರು.

ಅಧ್ಯಕ್ಷನ ಹೆಂಡತಿ, ಸಿಂಪಿ ಬಿಡಿಸುವ ಚಪ್ಪರ ನಡೆಸುವ ಗುವಾನ್ ನಗಲಿಲ್ಲ. "ಹನ್ನೆರಡು ವರ್ಷದ ಹಿಂದೆ ಇದೇ ಗುಡೀಲಿ ಇವಳದೊಂದು ಓಟು ಆಚೆ ಕಡೆಯವನಿಗೆ ಹೋಯ್ತು. ಆಮೇಲೆ ಎರಡು ಎಲೆಕ್ಷನ್ ಇವಳು ಮನೇಲಿದ್ಲು, ನಮ್ಮ ಹಾಳೇಲಿ ಒಂದು ಕಲೆ ಇರಲಿಲ್ಲ. ಇವತ್ತು ಕಾಲಿಟ್ಲು ನೋಡಿ! ಟೀಚರಮ್ಮಾ, ಕೂಗಿ ಕೂಗಿ, ನಿಲ್ಲಿಸ್ಬೇಡಿ."

ಹನ್ನೆರಡು ವರ್ಷದ ಹಿಂದೆ ಪೈ-ಯಿಂಗ್ ತೈನಾನ್ ನಗರದಲ್ಲಿ ಕಾಲೇಜು ಓದುತ್ತಿದ್ದಳು. ಆ ವರ್ಷ ಅಮ್ಮ ಸಿಂಪಿ ಬಿಡಿಸುವ ಕೆಲಸಕ್ಕೆ ಹೋಗಿರಲಿಲ್ಲ. ಬೆರಳು ನೋವು ಅಂದಿದ್ದಳು. ಮಗಳು ನಂಬಿದ್ದಳು.

ಉಳಿದ ಇಪ್ಪತ್ತಮೂರು ಚೀಟಿಗಳನ್ನು ಯಾರ ಗಂಟಲಿನಿಂದ ಕೂಗಿದಳೋ ತಿಳಿಯದು. ಕೊನೆಗೆ ಒಂದನೇ ನಂಬರಿಗೆ ಎಂಬತ್ತಮೂರು, ಎರಡನೆಯದಕ್ಕೆ ಒಂದು.

ಆ ಬೆಳಿಗ್ಗೆ ಅಮ್ಮನನ್ನು ಓಟು ಹಾಕಲು ಎಳೆದು ತಂದವಳು ಅವಳೇ. ವಾರವೆಲ್ಲ ಬೈದಿದ್ದಳು. "ಓಟು ಹಾಕದೋರು ಊರಿನ ಬಗ್ಗೆ ಬಾಯಿ ಬಿಡೋ ಹಾಗಿಲ್ಲ ಅಮ್ಮ." "ನಾನ್ಯಾವಾಗ ಬಾಯಿ ಬಿಟ್ಟೆ?" "ಅದೇ ಹೇಳಿದ್ದು! ಹೇಡಿ ನೀನು." ಆ ಮಾತಿಗೆ ಅಮ್ಮ ಒಗೆದ ಅಂಗಿ ಹಾಕಿಕೊಂಡು ಹೊರಟಿದ್ದಳು.

ಸಂಜೆ ಮನೆಯಲ್ಲಿ ಅಮ್ಮ ಮೂಲಂಗಿ ಹೆಚ್ಚುತ್ತಿದ್ದಳು. ಪೈ-ಯಿಂಗ್ ಬಾಗಿಲಲ್ಲೇ ನಿಂತಳು.

"ಆಗ ಬೆರಳು ನೋವಿರಲಿಲ್ಲ ಅಲ್ವಾ?"

"ಬೆರಳಿಗೆ ಕೆಲ್ಸವೇ ಕೊಡಲಿಲ್ಲ, ಎಲ್ಲಿ ನೋಯುತ್ತೆ? ಚಪ್ಪರದಲ್ಲಿ ಗುಡ್ಡೆ ಗುಡ್ಡೆ ಸಿಂಪಿ. ನನ್ನ ಸ್ಟೂಲು ಮಾತ್ರ ಇಲ್ಲ. ಮುಂದಿನ ವರ್ಷ ಗುವಾನಕ್ಕನ ಕಾಲು ಹಿಡಿದ ಮೇಲೆ ಸಿಕ್ತು."

"ನನಗೆ ಯಾಕೆ ಹೇಳಲಿಲ್ಲ?"

"ನೀನೇ ಫೋನಲ್ಲಿ ಹೇಳಿದ್ದಲ್ಲ ಆಗ, ಮನಸ್ಸು ಹೇಳಿದ ಕಡೆ ಒತ್ತಮ್ಮಾ ಅಂತ. ಓದೋ ಹುಡುಗಿ, ನೊಂದ್ಕೋತೀಯ ಅಂತ ಬಿಟ್ಟೆ."

ಪೈ-ಯಿಂಗ್ ಒಳಗೆ ಬಂದು ಅಮ್ಮನ ಎದುರು ಕುಳಿತಳು. "ಗೊತ್ತಿದ್ದೂ ಇವತ್ತು ಮತ್ತೆ ಎರಡಕ್ಕೆ ಒತ್ತಿದೆಯಾ? ದೊಡ್ಡ ಎದೆಗಾರ್ತಿ ಕಣಮ್ಮಾ ನೀನು."

ಅಮ್ಮನ ಚಾಕು ನಿಂತಿತು. "ಎರಡಕ್ಕಾ? ನಾನು ಒಂದಕ್ಕೇ ಒತ್ತಿದ್ದು."

"ಏನು?"

"ಅಧ್ಯಕ್ಷನಿಗೇ. ಗಟ್ಟಿಯಾಗಿ ಒತ್ತಿದೆ, ಶಾಯಿ ಆಚೆ ಬದಿಗೂ ಬಂದಿರಬೇಕು. ಹೇಡಿ ಅಂದ್ಯಲ್ಲ, ಸರಿಯಾಗೇ ಅಂದೆ."

ಓಟು ಹಾಕದವರು ಸೋಮಾರಿಗಳು, ಊರಿನ ಗೊಡವೆ ಇಲ್ಲದವರು ಎಂದು ಪೈ-ಯಿಂಗ್ ಓದಿದ್ದಳು, ವಾದಿಸಿ ಗೆದ್ದಿದ್ದಳು. ಆದರೆ ಈ ಊರಿನಲ್ಲಿ ಓಟು ಹಾಕದೆ ಮನೆಯೊಳಗೆ ಕೂತವಳೊಬ್ಬಳನ್ನು ಬಿಟ್ಟು ಉಳಿದವರೆಲ್ಲರ ಮೇಲೂ ಅಧ್ಯಕ್ಷನ ಕಡೆಯವರ ಕಣ್ಣಿತ್ತು. ಆ ಒಂದು ಮೂಲೆಯಿಂದ ಅಮ್ಮನನ್ನು ಕೈ ಹಿಡಿದು ಎಳೆದು ಬೆಳಕಿಗೆ ನಿಲ್ಲಿಸಿದ್ದಳು.

"ಹಾಗಾದ್ರೆ ಅದು ಯಾರದ್ದು?"

"ಯಾರದ್ದೋ. ನಾನು ಸಾಲಲ್ಲಿ ನಿಂತಿದ್ದು ನೋಡಿ, ಹೆಂಗೂ ಬೀ-ಲಿಯಾನ್ ಮೇಲೆ ಹೋಗುತ್ತೆ ಅಂತ ಒತ್ತಿರಬೇಕು. ಇಲ್ಲಾ, ಇವಳಿಗೇ ಧೈರ್ಯ ಬಂದಿದೆ, ನನಗೇನು ರೋಗ ಅಂತ ಒತ್ತಿರಬೇಕು. ಒಟ್ಟಿನಲ್ಲಿ ಒತ್ತಿದಾರೆ." ಮೂಲಂಗಿಯ ಮೇಲೆ ಚಾಕು ಮತ್ತೆ ಟಕಟಕ ಎಂದಿತು.

ಮರುದಿನ ಬೆಳಿಗ್ಗೆ ಪೈ-ಯಿಂಗ್ ಶಾಲೆಗೆ ರಜೆ ಹಾಕಿ ಅಮ್ಮನ ಜೊತೆ ಸಿಂಪಿಯ ಚಪ್ಪರಕ್ಕೆ ಬಂದಳು. ಹನ್ನೊಂದು ಹೆಂಗಸರು ತಲೆಗೆ ವಸ್ತ್ರ ಕಟ್ಟಿಕೊಂಡು, ಎಡಗೈಗೆ ರಬ್ಬರ್ ಗವುಸು ಹಾಕಿಕೊಂಡು ಚಿಪ್ಪು ಮೀಟುತ್ತಿದ್ದರು. ಗುಡ್ಡೆ ಎದೆಮಟ್ಟ ಇತ್ತು. ಸ್ಟೂಲುಗಳೂ ಹನ್ನೊಂದೇ ಇದ್ದವು.

"ಇವತ್ತು ಸಿಂಪಿ ಕಡಿಮೆ ಕಣೆ," ಎಂದಳು ಗುವಾನ್, ಆ ಗುಡ್ಡೆಗೇ ಒರಗಿ ನಿಂತು. "ನಾಳೇನೂ ಕಡಿಮೆ. ಹೊಂಗ್‌ನ ಕೇಳು, ತೆಂಕಣ ದಡದಿಂದ ಕಳಿಸ್ಕೊಡ್ತಾನೆ."

ಪೈ-ಯಿಂಗ್ ಅಮ್ಮನ ಮುಂದೆ ಬಂದು ನಿಂತಳು. "ಗುವಾನತ್ತೆ, ನೀವು ತಪ್ಪು ತಿಳ್ಕೊಂಡಿದೀರಿ. ಆ ಓಟು ನಮ್ಮಮ್ಮ..."

ಅಮ್ಮನ ಐದು ಬೆರಳೂ ಅವಳ ತೋಳಿನ ಮಾಂಸಕ್ಕೆ ಇಳಿದವು. ಮೂವತ್ತು ವರ್ಷ ಚಿಪ್ಪು ಬಿಡಿಸಿದ ಬೆರಳುಗಳು. ಮಾತು ಅಲ್ಲೇ ಮುರಿಯಿತು.

"ಹ್ಞಾಂ, ನಿಮ್ಮಮ್ಮ ಏನು?" ಗುವಾನ್ ಮುಂದೆ ಬಂದಳು. "ಅವಳದ್ದಲ್ಲ ಅಂತೀಯಾ? ಅವಳದ್ದಲ್ಲ ಅಂದ್ರೆ ಇಲ್ಲಿ ಇನ್ಯಾರದ್ದು?"

ಚಪ್ಪರದಲ್ಲಿ ಚಿಪ್ಪಿನ ಸದ್ದು ನಡೆದೇ ಇತ್ತು. ಆದರೆ ಒಂದು ಚಾಕು ನಿಂತಿದ್ದು ಪೈ-ಯಿಂಗ್‌ಳ ಕಿವಿಗೆ ಬಿತ್ತು, ಎಡಗಡೆಯ ಸಾಲಿನಲ್ಲಿ. ಅತ್ತ ಅವಳ ಕತ್ತು ಅರ್ಧ ತಿರುಗಿತ್ತು. ತಡೆದು, ಗುವಾನ್‌ಳ ಮುಖದ ಮೇಲೇ ಕಣ್ಣು ನೆಟ್ಟಳು.

"ಅವಳದ್ದೇ," ಎಂದಳು. "ನಾನೇ ಹೇಳಿ ಹಾಕಿಸಿದ್ದು."

ಎಡಗಡೆಯ ಚಾಕು ಮತ್ತೆ ಓಡತೊಡಗಿತು. ಅಮ್ಮ ಅವಳ ತೋಳು ಬಿಟ್ಟು, ಗೂಟಕ್ಕೆ ತೂಗುಹಾಕಿದ್ದ ತನ್ನ ಗವುಸನ್ನು ಬಿಚ್ಚಿಕೊಂಡು ಮನೆ ಕಡೆಗೆ ನಡೆದಳು.