ಬೋಳು ಹಗ್ಗ

ಕಪ್ಪೆಚಿಪ್ಪು ಸಾಕುವ ತರಬೇತಿಗೆ ಸೇರಿದ ಹನ್ನೊಂದು ಜನರಲ್ಲಿ ಮೂವತ್ತು ವರ್ಷ ಮೀನು ಹಿಡಿದವನು ಅವನೊಬ್ಬನೇ. ದೋಣಿ ಮಾರಿಯೇ ಹೆಸರು ಬರೆಸಿದ್ದ, ಹಿಂದಕ್ಕೆ ಹೋಗುವ ಮಾತಿರಲಿಲ್ಲ. ಮರಿಚಿಪ್ಪುಗಳನ್ನು ಹಗ್ಗದ ಮೇಲಿಟ್ಟು, ನೀರಲ್ಲಿ ತಾನಾಗಿ ಕರಗುವ ತೆಳು ಬಟ್ಟೆ ಸುತ್ತಿ ಹೊಲಿದು, ತೆಪ್ಪದಿಂದ ನೀರಿಗೆ ಇಳಿಬಿಡುವುದನ್ನು ಎಲ್ಲರಿಗಿಂತ ಅಚ್ಚುಕಟ್ಟಾಗಿ ಕಲಿತ.

ಮೂರನೆಯ ವಾರ ಕಲಿಸುವ ಮೇಡಂ ಬಂದು ಅವನದೊಂದು ಹಗ್ಗ ಎಳೆದರು. ಬಟ್ಟೆ ಕರಗಿತ್ತು, ಚಿಪ್ಪು ಒಂದೂ ಇರಲಿಲ್ಲ. ಅವನ ಉಳಿದ ಹಗ್ಗಗಳೂ ಬೋಳು. ಜೊತೆಗೆ ಕಲಿಯುತ್ತಿದ್ದ ಪಕ್ಕದ ತೆಪ್ಪದ ಬಸ್ ಡ್ರೈವರನ ಹಗ್ಗಗಳಲ್ಲಿ ಚಿಪ್ಪುಗಳು ಕಿಕ್ಕಿರಿದಿದ್ದವು.

"ಯಜಮಾನ್ರೇ, ಎತ್ತಿ ನೋಡ್ತಿದ್ರಾ?"

"ದಿನಾ ಬೆಳಿಗ್ಗೆ. ನಿನ್ನೆವರೆಗೂ ಬಟ್ಟೆಯೊಳಗೇ ಇದ್ವು. ನೀರಿಗೆ ಬಿಟ್ಟಿದ್ದನ್ನ ಎತ್ತಿ ನೋಡದೆ ಇರೋಕಾಗುತ್ತಾ ಮೇಡಂ?"

ಮೇಡಂ ಮುಖ ಕಳೆಗುಂದಿತು. "ಮರಿ ನಾರು ಬಿಟ್ಟು ಹಗ್ಗಕ್ಕೆ ಅಂಟಿಕೊಳ್ಳೋವರೆಗೂ ಅಲುಗಿಸಬಾರದು. ಎತ್ತಿದಾಗಲೆಲ್ಲ ನಾರು ಕಿತ್ತುಹೋಗಿದೆ, ಬಟ್ಟೆ ಕರಗಿದ ಕೂಡಲೇ ಎಲ್ಲ ಉದುರಿಹೋಗಿವೆ. ಇದನ್ನೂ ಹೇಳಬೇಕು ಅಂತ ನನಗೆ ಹೊಳೀಲೇ ಇಲ್ಲ."

"ನಂಗೆ ನೀರು ಕಂಡ್ರೇ ಪುಕುಪುಕು ಮಾವ, ಅದಕ್ಕೇ ಹಗ್ಗ ಇಳಿಬಿಟ್ಟ ಮೇಲೆ ಹತ್ರ ಬರಲಿಲ್ಲ" ಎಂದು ಡ್ರೈವರ್ ನಕ್ಕ. ಬೇರೆ ಯಾರೂ ನಗಲಿಲ್ಲ.

"ಬೇರೆ ಮರಿ ಸಿಗುತ್ತಾ?" ಎಂದು ಅವನು ಮೇಡಂ ಅವರನ್ನು ಕೇಳಿದ.

"ಮುಂದಿನ ವರ್ಷ."

ಮನೆಯಲ್ಲಿ ಹೆಂಡತಿ ಇವತ್ತಿನ ಸುದ್ದಿಗಾಗಿ ಕಾಯುತ್ತಿದ್ದಳು. ಅವನು ಹಗ್ಗಗಳನ್ನು ಒಂದೊಂದಾಗಿ ಸುತ್ತಿಟ್ಟು ಡ್ರೈವರನ ಕಡೆ ತಿರುಗಿದ.

"ಅಲ್ಲಿವರೆಗೆ ನಿನ್ನ ತೆಪ್ಪದಲ್ಲಿ ಕೆಲಸಕ್ಕೆ ಇಟ್ಕೋತೀಯೇನಪ್ಪಾ?"

ಡ್ರೈವರನ ನಗು ಇಳಿಯಿತು. ಅವನು ಮೇಡಂ ಮುಖ ನೋಡಿದ, ಆಮೇಲೆ ನೀರು ನೋಡಿದ.

"ಬನ್ನಿ ಮಾವ" ಎಂದ. "ಆದ್ರೆ ಬೇಜಾರು ಮಾಡ್ಕೋಬೇಡಿ, ಹಗ್ಗದ ಕೆಲಸ ನಾನೇ ಮಾಡ್ತೀನಿ."

ಮೀನುಗಾರ ಆಗಲಿ ಎಂದು ತಲೆಯಾಡಿಸಿದ.