ಗುರುಬಸವರಾಜರ ಎಂಟು ತರಬೇತಿಗಳು

ಅರ್ಜಿಯ ನಾಲ್ಕನೇ ಪುಟದಲ್ಲಿ ದೊಡ್ಡದೊಂದು ಚೌಕವಿತ್ತು. ‘ಕಳೆದ ಐದು ವರ್ಷಗಳಲ್ಲಿ ಪೂರೈಸಿದ ತರಬೇತಿಗಳು’ ಎಂದು ಅದರ ಮೇಲೆ ಅಚ್ಚಾಗಿತ್ತು, ಇಪ್ಪತ್ತು ಅಂಕ. ಕಲ್ಪನಾ ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ತುಂಬಿ, ಪೆನ್ನಿಗೆ ಮುಚ್ಚಳ ಹಾಕಿ, ಮತ್ತೆ ತೆಗೆದು, ಸುಮ್ಮನೆ ಕೂತಳು.

ಗೋವಿನಕೋವಿಯಿಂದ ಹೊನ್ನಾಳಿಗೆ ಒಂದು ಬಸ್ಸು, ಹೊನ್ನಾಳಿಯಿಂದ ಚನ್ನಗಿರಿಗೆ ಇನ್ನೊಂದು. ಹದಿನೇಳು ವರ್ಷ ಹೀಗೆ ಓಡಾಡಿ ಅವಳು ಅಲ್ಲಿನ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿದ್ದಳು, ಪ್ರತಿ ವರ್ಷವೂ ಹೊಸದಾಗಿ ಅರ್ಜಿ ಹಾಕಿ, ಪ್ರತಿ ವರ್ಷವೂ ಅತಿಥಿ ಉಪನ್ಯಾಸಕಿಯಾಗಿ. ಈ ಸಲ ಆಡಳಿತ ಮಂಡಳಿ, ಮಕ್ಕಳು ಕಡಿಮೆಯಾದರೆಂದು, ಇಬ್ಬರು ಅತಿಥಿಗಳಲ್ಲಿ ಒಬ್ಬರನ್ನು ಕಾಯಂ ಮಾಡಿ ಇನ್ನೊಬ್ಬರನ್ನು ಕಳಿಸುವುದೆಂದು ತೀರ್ಮಾನಿಸಿತ್ತು. ಅವಳ ಜೊತೆಗಿದ್ದ ಅತಿಥಿ ಜಗಳೂರಿನ ಪೂಜಾ. ಬಂದು ಎರಡು ವರ್ಷ. ಕಲ್ಪನಾಳಿಗೆ ನಲವತ್ತೈದು. ಇಲ್ಲಿ ತಪ್ಪಿದರೆ ಬೇರೆಡೆ ಅರ್ಜಿ ಹಾಕುವ ವಯಸ್ಸು ದಾಟಿಹೋಗಿತ್ತು.

ತರಬೇತಿ ಮಾಡಿರಲಿಲ್ಲವೆಂದಲ್ಲ. ಎಂಟು ಮಾಡಿದ್ದಳು. ಎಂಟೂ ವಿಭಾಗದ ಮುಖ್ಯಸ್ಥ ಗುರುಬಸವರಾಜರ ಹೆಸರಿನಲ್ಲಿದ್ದವು.

ಅದು ಆ ಕಾಲೇಜಿನಲ್ಲಿ ಎಲ್ಲರಿಗೂ ಗೊತ್ತಿದ್ದ, ಯಾರೂ ತಪ್ಪೆಂದುಕೊಳ್ಳದ ಪದ್ಧತಿ. ಪುನಶ್ಚೇತನ ಶಿಬಿರಗಳು ಆನ್‌ಲೈನಿಗೆ ಬಂದಮೇಲೆ ಕಾಯಂ ಮೇಷ್ಟ್ರುಗಳು ಹೆಸರು ನೋಂದಾಯಿಸುತ್ತಿದ್ದರು, ಅತಿಥಿಗಳು ಕಂಪ್ಯೂಟರ್ ಮುಂದೆ ಕೂರುತ್ತಿದ್ದರು. ಪ್ರಮಾಣಪತ್ರ ಬೇಕಾದದ್ದು ಬಡ್ತಿಗೆ. ಅತಿಥಿಗೆ ಯಾತರ ಬಡ್ತಿ? “ಆ ಪರದೆ ನೋಡಿದ್ರೆ ನಂಗೆ ಕಣ್ಣಾಗೆ ನೀರು ಬರ್ತಾವೆ ಕಲ್ಪನಮ್ಮ. ನೀ ಕೂತ್ಕೊ. ನಿಂಗೂ ನಾಲ್ಕು ಅಕ್ಷರ ಕಲ್ತಂಗಾಗ್ತದೆ” ಎಂದಿದ್ದರು ಗುರುಬಸವರಾಜ್. ಅವಳು ಕ್ಯಾಮೆರಾ ಆರಿಸಿ ಅವರ ಹೆಸರಿನ ಹಿಂದೆ ಕೂತಳು, ಪರೀಕ್ಷೆ ಬರೆದಳು. ಬೇಸರವೇನೂ ಆಗಿರಲಿಲ್ಲ. ಇಷ್ಟು ವರ್ಷದ ಮೇಲೆ ಯಾರೋ ತನಗೆ ಪಾಠ ಹೇಳುತ್ತಿದ್ದಾರೆಂಬುದೇ ಒಂದು ಹಿಗ್ಗಾಗಿತ್ತು. ಕಲಿತದ್ದು ಕಲಿತವರದ್ದೇ ಆಗುತ್ತದೆ ಎಂದುಕೊಂಡಿದ್ದಳು.

ಅರ್ಜಿ ಹಿಡಿದು ಅವರ ಕೋಣೆಗೆ ಹೋದಳು.

“ಸರ್, ಎರಡು ಸಾಲು ಬರ್ದುಕೊಡ್ರಿ. ಆ ತರಬೇತಿಯಾಗೆ ಇವರೂ ಇದ್ರು ಅಂತ.”

“ಇವರೂ ಅಂದ್ರೆ? ಒಂದು ಹೆಸರಾಗೆ ಇಬ್ರು ಹೆಂಗೆ ಕೂರಾಕೆ ಬರ್ತದೆ?”

“ಹಂಗಾದ್ರೆ ಇದ್ದದ್ದು ಇದ್ದಂಗೆ ಬರೀರಿ.”

ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ಬರೆದ್ರೆ ನನ್ನ ಬಡ್ತಿ ಹೋಗ್ತದೆ. ಅದು ಹೋಗ್ಲಿ ಅಂತಿಟ್ಕೊ. ಸುಳ್ಳು ಹೆಸರಾಗೆ ಕೂತಾಕಿ ಅಂತ ನಿನ್ನನ್ನಾದ್ರೂ ಇಟ್ಕೊಂತಾರಾ? ಇಬ್ರೂ ಮುಳುಗ್ತೀವಿ ತಾಯಿ.” ದನಿಯಲ್ಲಿ ಕಪಟವಿರಲಿಲ್ಲ, ಅದೇ ಅವಳನ್ನು ಕಂಗೆಡಿಸಿತು. “ಸಂದರ್ಶನಕ್ಕೆ ನಾನೂ ಕೂತಿರ್ತೀನಿ. ನಿಂಗೆ ಗೊತ್ತಿರೋದನ್ನೇ ಕೇಳ್ತೀನಿ, ಹೋಗು.”

ಹೇಳಿದಂತೆಯೇ ಕೇಳಿದರು. ಗುರುವಾರ ಬೆಳಿಗ್ಗೆ, ಮಂಡಳಿಯ ಅಧ್ಯಕ್ಷ, ಅಡಿಕೆ ಮಂಡಿಯ ಷಣ್ಮುಖಪ್ಪನವರ ಪಕ್ಕದಲ್ಲಿ ಕೂತು, “ಬೇಡಿಕೆಯ ಸ್ಥಿತಿಸ್ಥಾಪಕತ್ವ ಅಂದ್ರೇನು, ಹಿಂದಿನ ಬೆಂಚಿನವರಿಗೂ ತಿಳಿಯಂಗೆ ಹೇಳ್ರಿ ಮೇಡಂ” ಎಂದರು. ಮೂರನೇ ತರಬೇತಿಯಲ್ಲಿ ಇದನ್ನೇ ಒಂದು ಇಡೀ ದಿನ ಮಾಡಿಸಿದ್ದರು.

“ಉಪ್ಪು ಎರಡು ಪಟ್ಟು ದುಬಾರಿ ಆದ್ರೂ ಸಾರಿಗೆ ಹಾಕೋ ಉಪ್ಪು ಕಡಿಮೆ ಮಾಡಾಕೆ ಬರಲ್ಲ ಸರ್. ಮಲ್ಲಿಗೆ ಏರಿದ್ರೆ, ಎರಡು ಮೊಳ ತಗೊಳ್ಳೋರು ಒಂದಕ್ಕೇ ನಿಲ್ಲಿಸ್ತಾರೆ. ಬೆಲೆ ಏರಿದಾಗ ಕೈ ಎಷ್ಟು ಹಿಂದಕ್ಕೆ ಬರ್ತದೆ ಅನ್ನೋದರ ಅಳತೆ ಅದು.”

ಷಣ್ಮುಖಪ್ಪ ಗಟ್ಟಿಯಾಗಿ ನಕ್ಕರು. “ಮೂವತ್ತು ವರ್ಷ ವ್ಯಾಪಾರ ಮಾಡೀನಿ, ಹಿಂಗೆ ಯಾರೂ ಹೇಳಿರ್ಲಿಲ್ಲ ಬಿಡ್ರಿ!” ಅದೇ ಖುಷಿಯಲ್ಲಿ ಅರ್ಜಿಯ ಹಾಳೆ ತಿರುವಿದವರು ನಾಲ್ಕನೇ ಪುಟದಲ್ಲಿ ನಿಂತರು. “ಇದೇನ್ರಮ್ಮ, ಒಂದು ತರಬೇತಿನೂ ಇಲ್ಲ? ಆ ಹುಡುಗಿ ಎರಡು ವರ್ಷಕ್ಕೆ ಐದು ಮಾಡೈತೆ. ಕಲಿಯೋ ಆಸೆ ಬತ್ತಿಹೋತಾ?”

ಕಲ್ಪನಾ ಗುರುಬಸವರಾಜರನ್ನು ನೋಡಿದಳು. ಅವರು ಅಂಕದ ಪಟ್ಟಿಯಲ್ಲಿ ಏನನ್ನೋ ಹುಡುಕುತ್ತಿದ್ದರು. ಫ್ಯಾನಿನ ಗಾಳಿಗೆ ಹಾಳೆಗಳು ಪಟಪಟ ಅನ್ನುತ್ತಿದ್ದವು.

“ಮಾಡಾಕೆ ಆಗ್ಲಿಲ್ಲ ಸರ್.”

“ಅಡಿಕೆ ಆಗಿದ್ರೆ ಕಡಿದು ನೋಡಿ ರೇಟು ಹೇಳ್ತಿದ್ದೆ ಕಣಮ್ಮ” ಎಂದರು ಷಣ್ಮುಖಪ್ಪ, ನಿಜವಾಗಿ ಮರುಗಿ. “ಇಲ್ಲಿ ಕಾಗದ ಬೇಕು.”

ಪೂಜಾ ಒಳಗೆ ಹೋಗಿ ಬೇಗನೆ ಹೊರಬಂದಳು. ವರಾಂಡದ ಬೆಂಚಿನ ಮೇಲೆ ಕಲ್ಪನಾಳ ಪಕ್ಕ ಕುಸಿದು ಕೂತಳು. ಬಂದ ಮೊದಲ ವಾರವೇ ಈ ಹುಡುಗಿ, “ಫೀಸು ಕಟ್ಟಿ ನನ್ನ ಹೆಸರಲ್ಲೇ ಮಾಡ್ತೀನಿ ಸರ್” ಎಂದು ಗುರುಬಸವರಾಜರಿಗೆ ನೇರವಾಗಿ ಹೇಳಿದ್ದಳು. ಅತಿಥಿಗಳೂ ಹಾಗೆ ಮಾಡಬಹುದೆಂದು ಕಲ್ಪನಾಳಿಗೆ ತಿಳಿದದ್ದೇ ಅವತ್ತು. ತಿಳಿದೂ, ಎಷ್ಟು ಜಂಬ ಇವಳಿಗೆ ಎಂದುಕೊಂಡು, ಏಳನೆಯದಕ್ಕೂ ಎಂಟನೆಯದಕ್ಕೂ ತಾನೇ ಹೋಗಿ ಕೂತಿದ್ದಳು.

“ಅಕ್ಕಾ, ಸ್ಥಿತಿಸ್ಥಾಪಕತ್ವ ಕೇಳಿದ್ರು. ವ್ಯಾಖ್ಯೆ ಒಪ್ಪಿಸಿದೆ. ತಿಳಿಯಂಗೆ ಹೇಳಮ್ಮ ಅಂದ್ರು, ಬರ್ಲಿಲ್ಲ. ನೀವು ಹೆಂಗೆ ಹೇಳಿದ್ರಿ?”

ಕಲ್ಪನಾ ಉಪ್ಪಿನಿಂದಲೇ ಶುರು ಮಾಡಿದಳು. ಮಲ್ಲಿಗೆಗೆ ಬರುವ ಹೊತ್ತಿಗೆ ಪೂಜಾ ಪೆನ್ನು ತೆಗೆದು ಬರೆದುಕೊಳ್ಳುತ್ತಿದ್ದಳು.

ಮೂರು ಗಂಟೆಗೆ ಅಟೆಂಡರ್ ಲಾಲ್‌ಸಾಬ್ ಫಲಕಕ್ಕೆ ಒಂದು ಹಾಳೆ ಅಂಟಿಸಿದ. ಪೂಜಾಳ ಹೆಸರಿತ್ತು, ಹನ್ನೊಂದು ಅಂಕ ಹೆಚ್ಚು. ಅವಳು ಕಲ್ಪನಾಳ ಕೈ ಹಿಡಿದುಕೊಂಡಳು, ಏನೋ ಹೇಳಹೋದಳು, ಅಷ್ಟರಲ್ಲಿ ಒಳಗಿನಿಂದ ಕರೆದರು.

ಲಾಲ್‌ಸಾಬ್ ಹೋಗದೆ ಅಲ್ಲೇ ನಿಂತಿದ್ದ. ಕೈಗೆ ಮೆತ್ತಿದ ಗೋಂದನ್ನು ಉಜ್ಜುತ್ತಿದ್ದ.

“ಮೇಡಂ, ನಿಮ್ಮ ಬೀರುವಿನ ಕೀಲಿ ಇಸ್ಕೊಂಬಾ ಅಂದವ್ರೆ. ಗಡಿಬಿಡಿ ಏನಿಲ್ಲ, ನಾಳೆ ಕೊಡ್ರಿ.”

“ನಾಳೆ ಬರಾಕೆ ಏನು ಕೆಲ್ಸ ಐತೆ ಲಾಲ್‌ಸಾಬ್?”

ಅವಳು ಚೀಲದಲ್ಲಿ ಕೀಲಿಗಾಗಿ ತಡಕಾಡತೊಡಗಿದಳು.